ಫೈರ್‌ವಾಲಿನ ಬೋಣಿಗೆ

ಬೆಳಿಗ್ಗೆ ಅಂಗಡಿ ತೆರೆದವನ ಬಾಯಿಂದ ಮೊದಲ ಗಿರಾಕಿಗೆ ‘ಇಲ್ಲ’ ಎಂದು ಅನ್ನಿಸುವುದು ನಮ್ಮ ಸಿಂದಗಿ ಕಡೆ ಯಾರಿಂದಲೂ ಆಗದ ಕೆಲಸ. ಬೋಣಿಗೆ ಕೆಟ್ಟರೆ ದಿನವೇ ಕೆಟ್ಟಿತು ಎಂದು ನಂಬಿದವರು ನಾವು. ಕೇಳಿದ ಸಾಮಾನು ಇರದಿದ್ದರೆ ‘ನಾಳಿ ಬರ್ತೈತ್ರಿ, ಕೂಡ್ರಿ, ಚಾ ಕುಡೀರಿ’ ಅನ್ನುತ್ತೇವೆ. ಹೆಂಗಸರ ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ, ‘ಬಳಿ ಹೆಚ್ಚಾದವು’ ಅನ್ನುತ್ತಾರೆ. ಹೊರಟವನು ‘ಹೋಗ್ತೇನಿ’ ಅಂದರೆ ಅವನನ್ನು ಮತ್ತೆ ಕೂಡಿಸಿ, ‘ಬರ್ತೇನಿ’ ಅನ್ನಿಸಿಯೇ ಕಳಿಸುತ್ತೇವೆ. ಇಂಥ ಜನರ ಕೈಗೆ ಫೈರ್‌ವಾಲ್ ಕೊಟ್ಟರೆ ಏನಾದೀತೆಂದು ಅದನ್ನು ಮಾಡಿದವರು ಯೋಚಿಸಿದಂತಿಲ್ಲ. ಬಂದವರಿಗೆ ಇಲ್ಲ ಅನ್ನುವುದೇ ಅದರ ಕಸುಬು.

ಇಂಡಿ ರಸ್ತೆಯಲ್ಲಿ ನನ್ನದೊಂದು ವೇಬ್ರಿಜ್ ಇದೆ. ಲಾರಿ, ಟ್ರ್ಯಾಕ್ಟರ್ ಬಂದು ಕಬ್ಬಿಣದ ಹಲಗೆಯ ಮೇಲೆ ನಿಂತರೆ ತೂಕ ಹೇಳುವ ದೊಡ್ಡ ಕಾಟಾ. ಆರನೆಯ ಇಯತ್ತೆಗೆ ಸಾಲೆ ಬಿಟ್ಟು, ಹಮಾಲಿ ಮಾಡಿ, ಟ್ರ್ಯಾಕ್ಟರ್ ಹೊಡೆದು, ಕಡೆಗೆ ಹಲಗೆಗೆ ನಾನೇ ವೆಲ್ಡಿಂಗ್ ಹಿಡಿದು ನಿಲ್ಲಿಸಿದ್ದು. ಹೀಗಾಗಿ ನನಗೊಂದು ಸೊಕ್ಕಿದೆ: ಯಾವ ಕೆಲಸವನ್ನಾದರೂ ಒಂದಿಷ್ಟು ಹೊತ್ತು ನಿಂತು ನೋಡಿದರೆ ಮಾಡಬಲ್ಲೆ ಅನ್ನುವುದು. ಈ ಸೊಕ್ಕಿನಿಂದಲೇ ಕಟ್ಟಿದ ನೀರಿನ ಟಾಕಿ ಇವತ್ತಿಗೂ ನಮ್ಮ ಮಾಳಿಗೆಯ ಮೇಲೆ ಯಂಕಂಚಿ ದಿಕ್ಕಿಗೆ ವಾಲಿಕೊಂಡು ನಿಂತಿದೆ. ನನ್ನ ಹೆಂಡತಿ ಶಾಂತಾ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದರ ಇನ್ನೊಂದು ಬದಿಗೇ ನಿಲ್ಲುತ್ತಾಳೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅಂದಿದ್ದರೆ ಚಲೋ ಇತ್ತು.

ಕಾಟಾದ ಕಂಪ್ಯೂಟರ್ ಮುಂದೆ ಕೂಡುವವಳೂ ಅವಳೇ. ಲಾರಿ ನಿಂತ ಕೂಡಲೇ ಅದರ ತೂಕ, ಕ್ಯಾಮೆರಾ ಹೊಡೆದ ಫೋಟೋ ಎರಡೂ ನೆಟ್‌ನಲ್ಲಿ ಮಾಲು ಕೊಳ್ಳುವ ದಲಾಲರ ಅಡತಿ ಅಂಗಡಿಗೆ ಹೋಗಬೇಕು, ಆಮೇಲೆ ಚೀಟಿ ಹೊರಬರಬೇಕು. ನೆಟ್ ನಿಂತರೆ ಲಾರಿ ಹಲಗೆ ಬಿಟ್ಟು ಇಳಿಯುವಂತಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅವರ ಹಿಂದಿನವರು ಬೈಪಾಸಿನಲ್ಲಿರುವ ಇನ್ನೊಂದು ಕಾಟಾಕ್ಕೆ ಸ್ಟೇರಿಂಗ್ ತಿರುವುತ್ತಾರೆ. ತೊಗರಿ ಬರುವ ಹಂಗಾಮಿನಲ್ಲೇ ನಮ್ಮ ನೆಟ್ ಹೀಗೆ ದಿನಾ ಕುಂಟತೊಡಗಿತು. ಕಾರಣ ಗುಟ್ಟಿನದೇನಲ್ಲ. ಬಿಸಿಲಿಗೆ ಬಂದವರಿಗೆ ಬಾಗಿಲಲ್ಲಿ ನೀರಿನ ಕೊಡ ಇಟ್ಟ ಹಾಗೆ ನಾನು ವೈಫೈ ಪಾಸ್‌ವರ್ಡನ್ನೂ ಇಟ್ಟಿದ್ದೆ. ಪಕ್ಕದ ಚಹಾದಂಗಡಿಯ ಮಲ್ಲಪ್ಪನಿಗೆ ಕೊಟ್ಟೆ, ಅವನು ಚಹಾ ಕುಡಿಯುವ ಡ್ರೈವರುಗಳಿಗೆಲ್ಲ ಹಂಚಿದ. ಅದರ ಮೇಲೆ, ಎಲ್ಲಿಯೋ ಒಬ್ಬರ ಕಾಟಾದ ಕಂಪ್ಯೂಟರಿನೊಳಗೆ ಕಳ್ಳರು ನೆಟ್‌ನಿಂದಲೇ ನುಗ್ಗಿ ಬೀಗ ಜಡಿದರೆಂಬ ಸುದ್ದಿ ಬೇರೆ ಬಂತು.

ವಿಜಯಪುರದ ಇಂಜಿನಿಯರಿಗೆ ಫೋನ್ ಹಚ್ಚಿದೆ. “ರೂಟರಿನ್ಯಾಗ ಫೈರ್‌ವಾಲ್ ಐತ್ರಿ, ಸೆಟ್ ಮಾಡಬೇಕು. ಗುರುವಾರ ಬರ್ತೇನಿ,” ಅಂದ.

“ನೀವ್ ಬರೂದ್ ಬ್ಯಾಡ್ರಿ. ಹ್ಯಾಂಗಂತ ಹೇಳ್ರಿ, ನಾನ ಮಾಡ್ತೇನಿ.”

ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವುದನ್ನು ಒಂದರ ಕೆಳಗೊಂದು ಸಾಲಾಗಿ ಹಾಕುತ್ತ ಹೋಗಬೇಕೆಂದು ಅವನು ಹೇಳಿದ. “ಇನ್ನೊಂದು ಮಾತ್ ಏನಂದ್ರ...” ಅನ್ನುತ್ತಿದ್ದ. ಇಷ್ಟು ತಿಳಿದ ಮೇಲೆ ಇನ್ನೊಂದು ಮಾತೇನೆಂದು ನಾನು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಜಳಕ ಮಾಡಿ, ಕಾಟಾಕ್ಕೆ ಊದಿನಕಡ್ಡಿ ಬೆಳಗಿ, ಕಂಪ್ಯೂಟರ್ ಮುಂದೆ ಕುಳಿತೆ. ಪರದೆಯ ಮೇಲೆ ಖಾಲಿ ಪಟ್ಟಿ. ಶಾಂತಾ ಹಿಂದೆ ನಿಂತು, “ಮೊದಲ ಆ ಮಲ್ಲಪ್ಪನ ಫೋನ್ ತಡೀರಿ,” ಅಂದಳು.

“ಬೋಣಿಗಿ ಹೊತ್ತಿನ್ಯಾಗ ಮೊದಲನೇ ಸಾಲಿಗೇ ತಡಿ ಅಂತ ಹಾಕಲೇನ? ಇದು ವ್ಯಾಪಾರ ಮಾಡೂ ಜಾಗಾ ಐತಿ.”

ಮೊದಲ ಸಾಲಿನಲ್ಲಿ ಶುಭವಾಗಿ ‘ಎಲ್ಲರನ್ನೂ ಬಿಡು’ ಎಂದು ಹಾಕಿದೆ. ಬೋಣಿಗೆ ಆಯಿತು. ಅದರ ಕೆಳಗೆ ಕೈ ಸಡಿಲಬಿಟ್ಟು ತಡೆಯುತ್ತ ಹೋದೆ. ಮಲ್ಲಪ್ಪನ ಫೋನ್ ತಡೆ, ಡ್ರೈವರುಗಳ ಫೋನ್ ತಡೆ, ಹೊರಗಿನಿಂದ ಬರುವ ಗುರುತಿಲ್ಲದವರನ್ನು ತಡೆ. ನಮ್ಮ ನೆಟ್ ಹಿಡಿದಿದ್ದ ಫೋನುಗಳಲ್ಲಿ ಕೆಲವಕ್ಕೆ ಹೆಸರೇ ಇರಲಿಲ್ಲ, ಪರದೆಯ ಮೇಲೆ ಬರೀ ಅಕ್ಷರ, ಅಂಕಿ. ಮುಖ ತೋರಿಸದೆ ಒಳಗೆ ಕೂಡುವವರು ಒಳ್ಳೆಯವರಿರಲಿಕ್ಕಿಲ್ಲವೆಂದು ಅವನ್ನೂ ತಡೆದೆ.

ಅವತ್ತಿನಿಂದ ನೆಟ್ ಹರೆಯದ ಹೋರಿಯಂತೆ ಓಡಿತು. ಚೀಟಿಗಳು ಪಟಪಟ ಬಂದವು. ಅದೇ ವಾರ ಮಲ್ಲಪ್ಪ ಹೆಂಡತಿಯ ತಮ್ಮನ ಮದುವೆಗೆಂದು ಅಂಗಡಿಗೆ ಬೀಗ ಹಾಕಿ ತಾಳಿಕೋಟೆಗೆ ಹೋಗಿದ್ದ, ಚಹಾ ಇಲ್ಲದಲ್ಲಿ ಡ್ರೈವರುಗಳೂ ನಿಲ್ಲುತ್ತಿರಲಿಲ್ಲ. ಇದನ್ನು ನಾನು ಗಮನಿಸಿದ್ದೆ. ಚಹಾ ಮನೆಯಿಂದ ತರಿಸಬೇಕಾಯಿತಲ್ಲ ಎಂಬಷ್ಟರ ಮಟ್ಟಿಗೆ.

ಸುದ್ದಿ ಹಬ್ಬಿತು. ಹಬ್ಬಿಸಿದವನು ನಾನೇ. ಇಂಡಿಯ ಕಾಟಾದವರು ಕರೆದರು, ಹೋಗಿ ಸೆಟ್ ಮಾಡಿಕೊಟ್ಟೆ, ಒಂದು ಚೀಲ ಲಿಂಬೆಹಣ್ಣು ಕೊಟ್ಟರು. ಬಸವನ ಬಾಗೇವಾಡಿಯಲ್ಲಿ ಶಾಲು ಹೊದಿಸಿದರು. ಮುದ್ದೇಬಿಹಾಳದಲ್ಲಿ ಹೋಳಿಗೆ ಊಟ. ಮೂರೂ ಕಡೆ ಮೊದಲು ಬೋಣಿಗೆ ಸಾಲು, ಆಮೇಲೆ ತಡೆ. ಮುದ್ದೇಬಿಹಾಳದ ಹಿರಿಯರಂತೂ, “ಇದು ಇಂಜಿನಿಯರ್‌ಗೋಳಿಗೆ ಹೊಳಿಯೂದಿಲ್ಲ ಬಿಡ್ರಿ. ವ್ಯಾಪಾರ ತಿಳದವರ ಕೆಲಸ,” ಅಂದರು. ಆ ಮಾತನ್ನು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ.

ಮರುದಿನ ಮಲ್ಲಪ್ಪ ಅಂಗಡಿ ತೆರೆದ. ಮೊದಲ ಲಾರಿ ಹಲಗೆ ಏರಿದ್ದು ಏರಿಯೇ ನಿಂತಿತು. ಚೀಟಿ ಇಲ್ಲ. ಹಿಂದೆ ಹಾರ್ನ್. ಎರಡು ಲಾರಿ ನನ್ನ ಕಣ್ಣೆದುರೇ ಬೈಪಾಸಿನತ್ತ ತಿರುಗಿದವು. ಮಲ್ಲಪ್ಪ ಸ್ಟವ್ ಮೇಲೆ ಹಾಲು ಇಟ್ಟು, ಅಲ್ಲಿಂದಲೇ ಫೋನ್ ಎತ್ತಿ ತೋರಿಸಿದ.

“ಸಾವಕಾರ್ರ, ನಿಮ್ಮ ನೆಟ್ ಭಾಳ ಚಲೋ ಐತ್ರಿ. ಮದವಿ ವಿಡಿಯೋ ಎಲ್ಲಾ ತಾಳಿಕೋಟಿಗೆ ಕಳಸಾಕತ್ತೇನಿ.”

ನಾನು ತಡೆದಿಟ್ಟವನು ಹೇಗೆ ಒಳಗಿದ್ದಾನೆ? ಶಾಂತಾ ರೂಟರಿನ ಪುಟ ತೆರೆದು, ಕೆಳಗೆ ಸಣ್ಣ ಅಕ್ಷರದಲ್ಲಿದ್ದುದನ್ನು ಓದಿದಳು. ಅವಳು ಹತ್ತನೆಯ ಇಯತ್ತೆವರೆಗೆ ಹೋದವಳು. ಫೈರ್‌ವಾಲ್ ಮೇಲಿನಿಂದ ಕೆಳಗೆ ಓದುತ್ತದಂತೆ. ಮೊದಲು ಹೊಂದಿದ ಸಾಲಿನ ಪ್ರಕಾರ ನಡೆಯುತ್ತದೆ, ಮುಂದಿನವನ್ನು ನೋಡುವುದೇ ಇಲ್ಲವಂತೆ. ಇಂಜಿನಿಯರನ ಇನ್ನೊಂದು ಮಾತು ಇದೇ ಇರಬೇಕು.

“ಊರ ಮಂದೀನೆಲ್ಲ ಒಳಗ ಕರದು ಕುಂಡ್ರಿಸಿ, ಆಮ್ಯಾಲ ಬಾಗಲದಾಗ ಬಡಿಗಿ ಹಿಡಕೊಂಡ್ ನಿಂತೀರಿ,” ಅಂದಳು ಶಾಂತಾ. “ಅದೂ ನಾಕೂರಾಗ.”

ಲಾರಿ ಹೋದದ್ದಕ್ಕಿಂತ ಅವಳ ಆ ಕೊನೆಯ ಮಾತೇ ನನಗೆ ಹೆಚ್ಚು ನಾಟಿತು. ಕಳ್ಳರೇನಾದರೂ ಬಂದರೆ ಇನ್ನೂ ಮೂರು ಊರಿನಲ್ಲಿ ನಾನೇ ಕಂಬಳಿ ಹಾಸಿಟ್ಟಿದ್ದೆ. ಹೊದ್ದ ಶಾಲು, ಉಂಡ ಹೋಳಿಗೆ ಎಲ್ಲ ನೆನಪಾದವು.

“ನಿಮ್ಮ ಬೋಣಿಗಿ ಸಾಲು ಎಲ್ಲಾದರ ಕೆಳಗ ಇಳಸ್ಲ್ಯಾ?” ಅಂದಳು.

ಹಲಗೆಯ ಮೇಲಿದ್ದ ಲಾರಿಯ ಚೀಟಿ ಕುಂಟುತ್ತ ಹೊರಬರುವವರೆಗೆ ಅವಳನ್ನು ತಡೆದೆ. ಅದು ಆ ದಿನದ ನಿಜವಾದ ಬೋಣಿಗೆ. ಆಮೇಲೆ, “ಇಳಸು,” ಅಂದೆ. ಮಲ್ಲಪ್ಪನ ಫೋನಿನಲ್ಲಿ ಮದುವೆ ನಿಂತಿತು. ಲಾರಿಗಳು ಸರಸರ ಸರಿದವು. ಇನ್ನು ಹೊಸ ಪಟ್ಟಿಯ ಫೋಟೋವನ್ನು ಮೂರೂ ಊರಿಗೆ ಕಳಿಸಿ, ‘ಹೊಸಾ ಸೆಟ್ಟಿಂಗ್ ಬಂದೈತ್ರಿ, ಈಗಿಂದೀಗ ಹಾಕ್ಕೊಳ್ರಿ’ ಅಂದುಬಿಟ್ಟರೆ ಮಾನ ಉಳಿಯುತ್ತದೆ. ಫೋಟೋ ತೆಗೆದೆ, ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ.

ಶಾಂತಾ ಪಟ್ಟಿಯನ್ನು ನನ್ನ ಫೋನಿನೊಂದಿಗೆ ತಾಳೆ ನೋಡಿದಳು. ಮುಖವಿಲ್ಲದವನೆಂದು ನಾನು ತಡೆದವರಲ್ಲಿ ಒಬ್ಬ ನಾನೇ ಆಗಿದ್ದೆ. “ಫೈರ್‌ವಾಲ್ ಈಗ ಖರೇ ಕೆಲಸಾ ಮಾಡಾಕತ್ತೈತಿ,” ಅಂದಳು. ಕಾಟಾದಲ್ಲೇ ನೆಟ್ ಇದೆಯೆಂದು ನಾನು ಫೋನಿಗೆ ಬರೀ ಮಾತಿನ ಪ್ಯಾಕ್ ಹಾಕಿಸಿದ್ದೆ. ಅವಳ ಮುಂದೆ ಲಾರಿಗಳ ಸಾಲಿತ್ತು, ನನ್ನ ಕಡೆ ನೋಡಲು ಪುರುಸೊತ್ತಿರಲಿಲ್ಲ.

ಚಹಾದಂಗಡಿಗೆ ಹೋಗಿ ನಿಂತೆ. ಡ್ರೈವರುಗಳೆಲ್ಲ ಲಾರಿಯಲ್ಲೇ ಕುಳಿತಿದ್ದರಿಂದ ಮಲ್ಲಪ್ಪನದು ಇನ್ನೂ ಮೊದಲ ಕಪ್ ಹೋಗಿರಲಿಲ್ಲ. “ಮಲ್ಲಪ್ಪಾ, ನಿನ್ನ ಫೋನಿಂದು ಒಂದಿಷ್ಟ್ ನೆಟ್ ಕೊಡ್ತೀ ಏನಪಾ?” ಅಂದೆ.

“ಬೋಣಿಗಿ ಹೊತ್ತಿನ್ಯಾಗ ಬಂದೀರಿ, ಇಲ್ಲ ಅನ್ನಾಕ ಬರ್ತೈತೇನ್ರಿ?” ಎಂದು ಗಿರಾಕಿಗಳು ಕೂಡುವ ಮರದ ಬಾಕನ್ನು ವಸ್ತ್ರದಿಂದ ಒರೆಸಿದ. ಚಹಾ ಕೊಟ್ಟ, ನೆಟ್ಟೂ ಕೊಟ್ಟ. ಮೂರೂ ಊರಿಗೆ ಫೋಟೋ ಹೋಯಿತು. ಮುದ್ದೇಬಿಹಾಳದ ಹಿರಿಯರು ಕೂಡಲೇ ಫೋನ್ ಮಾಡಿ, “ಹೊಸಾದು ಬಂದ ಕೂಡ್ಲೆ ನೆನಪಿಟ್ಟು ಕಳಿಸಿದ್ರಿ ನೋಡ್ರಿ,” ಎಂದು ಹೊಗಳಿದರು. ನಾನು ಹೂಂ ಅಂದೆ.

ಹಂಗಾಮು ಮುಗಿಯಿತು. ಮಲ್ಲಪ್ಪನ ಉಪಕಾರಕ್ಕೆ ಶಾಂತಾ ಅವನ ಫೋನನ್ನು ತಡೆಯಿಂದ ತೆಗೆದಳು, ರೂಟರಿನ ಪಾಸ್‌ವರ್ಡ್ ಬದಲಿಸಿ ತನ್ನಲ್ಲೇ ಇಟ್ಟುಕೊಂಡಳು. ನಾನು ಮಾತ್ರ ಈಗಲೂ ಬಾಕಿನ ಮೇಲೆ ಕುಳಿತು ಮಲ್ಲಪ್ಪನ ನೆಟ್ ಬೇಡುತ್ತೇನೆ. ನನ್ನ ಫೋನನ್ನು ಯಾವಾಗ ಬಿಡುತ್ತೀ ಎಂದು ಶಾಂತಾಳನ್ನು ಕೇಳಿದರೆ ಅವಳು ತಲೆ ಎತ್ತುವುದಿಲ್ಲ, ಇಲ್ಲ ಎಂದೂ ಅನ್ನುವುದಿಲ್ಲ. ವ್ಯಾಪಾರಸ್ಥರ ಮನೆಯ ಹೆಂಗಸು.

“ನಾಳಿ ಬರ್ತೈತ್ರಿ. ಕೂಡ್ರಿ, ಚಾ ಕುಡೀರಿ.”