ಮೌನೇಶ ಕಿವಿಗೊಡಲು ಕಲಿತದ್ದು

ಇನ್ನು ಮುಂದೆ ಇಡೀ ನಾಗಮಂಗಲ ತಾಲ್ಲೂಕಿನಲ್ಲಿ ತನ್ನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಅಕ್ಕಸಾಲಿ ಇನ್ನೊಬ್ಬನಿರಕೂಡದು! ಪಾಂಡವಪುರದಿಂದ ಊರಿಗೆ ವಾಪಸಾಗುವ ಬಸ್ಸಿನಲ್ಲಿ ಮೌನೇಶ ಈ ಘನಘೋರ ಶಪಥ ಮಾಡಿದ. ಅಷ್ಟರಲ್ಲಿ ಕಂಡಕ್ಟರು ಮೂರು ಸಲ ಟಿಕೆಟ್ ಅಂತ ಕೂಗಿಯಾಗಿತ್ತು. ಅದು ಅವನಿಗೆ ಕೇಳಿಸಿರಲಿಲ್ಲ.

ಪೇಟೆಗೆ ಶೋರೂಮುಗಳು ಬಂದ ಮೇಲೆ ಅವನ ಪಾಲಿಗೆ ಉಳಿದದ್ದು ಕಿತ್ತುಹೋದ ಕೊಂಡಿ, ಬಗ್ಗಿದ ಕಾಲುಂಗುರ. ಹೊಸ ಒಡವೆ ಮಾಡಿಸುವ ಮನೆ ಒಂದೇ ಇತ್ತು, ಹೊನ್ನಪ್ಪಗೌಡರದು. ಮೂರು ತಲೆಮಾರಿನಿಂದ ಆ ಮನೆಯ ತಾಳಿ ಮೌನೇಶನ ಮನೆಯ ಕುಲುಮೆಯಲ್ಲೇ ಆಗಬೇಕು. ಈಗ ಅವರ ಮಗಳು ಭೂಮಿಕಳ ಮದುವೆ ಗೊತ್ತಾಗಿತ್ತು. ತಾಳಿಯ ಹಿಂದೆ ಸರ, ಬಳೆ, ಓಲೆ ಎಲ್ಲ ಬರುತ್ತವೆ. ಅದು ಕೈತಪ್ಪಿದರೆ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ.

ಅದಕ್ಕೇ ಪಾಂಡವಪುರದಲ್ಲಿ ನಡೆದ ಸಣ್ಣ ವ್ಯಾಪಾರಿಗಳ ಶಿಬಿರಕ್ಕೆ ಹೋಗಿದ್ದ. ತರಬೇತಿ ಕೊಟ್ಟ ರಘುನಂದನ್ ಎಂಬ ಮಹಾಶಯರು ಹೇಳಿದ್ದಿಷ್ಟು: ಗಿರಾಕಿಯ ಮಾತಿಗೆ ನಿಮ್ಮ ಮಾತು ಬೆರೆಸಬೇಡಿ. ಅವರ ಬಾಯಲ್ಲಿ ಯಾವ ಹೋಲಿಕೆ ಬಂತೋ ಅದನ್ನೇ ಹಿಡಿದು ಕೇಳಿ. ಅದು ಎಂಥದ್ದು? ಅದರಲ್ಲಿ ಇನ್ನೇನಿದೆ? ಆಮೇಲೆ ಏನಾಗುತ್ತೆ? ಮನಸ್ಸು ತಾನಾಗಿ ಬಿಚ್ಚಿಕೊಳ್ಳುತ್ತದೆ, ವ್ಯಾಪಾರ ತಾನಾಗಿ ಕುದುರುತ್ತದೆ!

ಮನೆಗೆ ಬಂದವನೇ ತಾಯಿ ವರಲಕ್ಷ್ಮಮ್ಮನನ್ನೂ ಹೆಂಡತಿ ವೀಣಳನ್ನೂ ಕೂರಿಸಿಕೊಂಡು ಪಾಠ ಒಪ್ಪಿಸಿದ.

"ಕೇಳಾದ್ ಕಲಿಯಕ್ಕೆ ಅಲ್ಲೀಗಂಟ ಓಗ್ಬೇಕಿತ್ತಾ?" ಎಂದಳು ವೀಣ.

"ನಿಂಗೆ ಅದೆಲ್ಲ ಅರ್ಥ ಆಗಕಿಲ್ಲ ಬುಡು!"

ಮಾರನೆಯ ದಿನದಿಂದ ಸಾಧನೆ ಶುರು. ಕಿವಿಗೆ ಇಯರ್‌ಫೋನು, ಅದರೊಳಗೆ ರಘುನಂದನ್ ಅವರ ವಿಡಿಯೋ. ಮನೆಯವರು ಏನೇ ಅಂದರೂ ಒಂದೇ ಉತ್ತರ, ಹೂಂ. ಪಕ್ಕದ ಮನೆಯ ಚಲುವರಾಜು ಹಲ್ಲುನೋವಿಗೆ ದವಡೆ ಹಿಡಿದುಕೊಂಡು ಬಂದು, "ಅಲ್ಲಿನೊಳ್ಗೆ ಮೊಳೆ ಒಡ್ದಂಗಾಯ್ತದೆ ಕಣ್ಲಾ" ಎಂದ. ಮೌನೇಶ ಕಣ್ಣರಳಿಸಿ ಮುಂದಕ್ಕೆ ಬಾಗಿದ.

"ಅದು ಎಂಥಾ ಮೊಳೆ?"

"ಎಂಥಾ ಮೊಳೇನಾ? ಸುತ್ಗೆ ಕೊಡು ಇಲ್ಲಿ, ತೋರಿಸ್ತೀನಿ!"

ಇದರಿಂದೇನೂ ನಮ್ಮ ಸಾಧಕ ಎದೆಗುಂದಲಿಲ್ಲ.

ಹೀಗೆ ಮೂರು ವಾರ ಕಳೆದ ಮೇಲೆ ಒಂದು ಶುಕ್ರವಾರ ಒಳ್ಳೆಯ ಹೊತ್ತು ನೋಡಿ ಗೌಡರು ಮಗಳೊಂದಿಗೆ ಬಂದರು. ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಎಲೆಯಡಿಕೆ, ಅಜ್ಜಿಯ ಕಾಲದ ಚಿನ್ನದ ಕಾಸು. ವರಲಕ್ಷ್ಮಮ್ಮ ತಟ್ಟೆ ತೆಗೆದುಕೊಂಡು ಕುಂಕುಮ ಕೊಟ್ಟರು. ತಾಳಿಯ ಚಿನ್ನ ಬೆಂಕಿಗಿಡುವಾಗ ಆಚಾರಿ ತುಟಿ ಬಿಚ್ಚಬಾರದು, ಇದು ಗೌಡರ ಮನೆಯ ಕಟ್ಟುಪಾಡು. ಮೌನೇಶನ ತಾತ ಆ ಹೊತ್ತಿನಲ್ಲಿ ಕೆಮ್ಮುತ್ತಲೂ ಇರಲಿಲ್ಲವಂತೆ. ಮೊಮ್ಮಗ ಕಾಸನ್ನು ಮೂಸೆಗೆ ಹಾಕಿ, ಬೆಂಕಿ ಹೊತ್ತಿಸಿ, ಹುಡುಗಿಯ ಕಡೆ ತಿರುಗಿದ.

"ತಾಳಿ ಯಾವ್ತರ ಇರ್ಬೇಕವ್ವಾ?"

"ಯಾವ್ದಾದ್ರೂ ಮಾಡಿ. ನಂಗೆ ಈ ಮದ್ವೇನೇ ಬೇರೇರ್ ಚಪ್ಲಿ ಮೆಟ್ಕಂಡಂಗೈತೆ" ಎಂದಳು ಭೂಮಿಕ, ಮೆಲ್ಲಗೆ.

ಆಹಾ, ಹೋಲಿಕೆ! ಬಲೆಗೆ ತಾನಾಗಿ ಬಿದ್ದ ಹೋಲಿಕೆ!

"ಅದು ಎಂಥಾ ಚಪ್ಲಿ?"

"ಕಚ್ಚೋ ಚಪ್ಲಿ."

"ಆಚಾರಿ, ಕೆಲ್ಸ ನೋಡು" ಎಂದರು ಗೌಡರು.

"ಒಂದ್ ನಿಮ್ಷ ಗೌಡ್ರೇ. ಆ ಕಚ್ಚೋ ಚಪ್ಲೀಲಿ ಇನ್ನೇನೈತವ್ವಾ?"

"ಅದ್ರ ಅಳ್ತೆ ನಂದಲ್ಲ. ನನ್ನ ಕೇಳ್ದೆ ಅಪ್ಪ ಒಪ್ಕಂಡು ಬಂದ್ರು. ನನ್ ನರ್ಸಿಂಗ್ ಇನ್ನೊಂದ್ ವರ್ಷ ಐತೆ."

ಮೌನೇಶನಿಗೆ ಮೈಯೆಲ್ಲ ರೋಮಾಂಚನ. ಮನಸ್ಸು ಬಿಚ್ಚಿಕೊಳ್ಳುತ್ತಿದೆ! ಮೂರನೆಯ ಬಾಣ ಹೂಡಿಯೇ ಬಿಟ್ಟ.

"ಕಚ್ಚೋ ಚಪ್ಲಿ ಆಮೇಲೆ ಏನಾಯ್ತದೆ?"

ಭೂಮಿಕ ಕಣ್ಣೊರೆಸಿಕೊಂಡಳು. "ಬಾಗ್ಲಲ್ಲೇ ಬುಟ್ಬುಟ್ಟು ಬರಿಗಾಲಲ್ಲಿ ಓಗ್ತೀನಿ" ಎಂದು ಎದ್ದು, ಹೇಳಿದಂತೆಯೇ ಹೊರಟುಹೋದಳು. ಬಾಗಿಲಲ್ಲಿ ಅವಳ ಚಪ್ಪಲಿ ಮಾತ್ರ ಉಳಿಯಿತು.

"ಕಾಸ್ ಈಚ್ಗೆ ತೆಗಿಲಾ!" ಗೌಡರು ಗುಡುಗಿದರು.

"ಕರ್ಗೋಯ್ತು ಗೌಡ್ರೇ..."

"ಇನ್ನೊಂದ್ ಮಾತ್ ಕೇಳು, ನಿನ್ನೂ ಅದ್ರೊಳೀಕೆ ಆಕ್ಬುಡ್ತೀನಿ!"

ಕರಗಿದ ಚಿನ್ನ ಆರಿ ಗಟ್ಟಿಯಾಗುವವರೆಗೂ ಗೌಡರು ನಿಂತೇ ಇದ್ದರು. ಅದನ್ನು ವೀಳ್ಯದೆಲೆಯಲ್ಲಿ ಸುತ್ತಿಕೊಂಡು, ಮಗಳ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಈ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ಹೇಳಿ ಇಳಿದುಹೋದರು. ಮೂರು ತಲೆಮಾರಿನ ನಂಟು ಮೂರೇ ಪ್ರಶ್ನೆಗೆ ಮುಗಿಯಿತು. ಮೌನೇಶನಿಗೆ ಅವಮಾನ, ಅದಕ್ಕಿಂತ ಹೆಚ್ಚಾಗಿ ಭಯ.

ಸಂಜೆ ವೀಣ ಎದುರಿಗೆ ಬಂದಾಗ ಮೊದಲ ಬಾರಿಗೆ ಇಯರ್‌ಫೋನು ಕಿತ್ತಿಟ್ಟು ಎಲ್ಲ ಹೇಳಿಕೊಂಡ. "ಇನ್ನು ಮನೆ ನಡೆಯಾದೆಂಗೆ ವೀಣಾ?"

"ನಡೀತದೆ ಬುಡಿ. ನನ್ ಸಂಬ್ಳ ಬತ್ತದಲ್ಲ."

"ಯಾವ ಸಂಬ್ಳ?"

ವೀಣ ಅವನನ್ನೇ ನೋಡಿದಳು. ಸಿಟ್ಟೂ ಇರಲಿಲ್ಲ ಆ ಮುಖದಲ್ಲಿ. "ಬೆಳ್ಳೂರು ಕ್ರಾಸ್‌ನಲ್ಲಿ ಸೀರೆ ಅಂಗ್ಡಿ ಕೆಲ್ಸ. ಓಗ್ಲಾ ಅಂತ ಕೇಳ್ದೆ, ಹೂಂ ಅಂದ್ರಿ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಓದ್ರೆ ಬರಾದು ಈಗ್ಲೇ. ಇವತ್ಗೆ ಅದಿನೈದು ದಿನ ಆಯ್ತು."

"ಸುಳ್ಳೇಳ್ಬೇಡ! ದಿನಾ ಮದ್ಯಾನ ನಂಗೆ ಮುದ್ದೆ ಇಕ್ಕಿ, ಎದ್ರುಗೇ ಕೂತು ಮಾತಾಡ್ತಿದ್ದೋಳು ನೀನಲ್ವಾ?"

"ಅದು ನಿಮ್ಮವ್ವ" ಎಂದಳು ವೀಣ.