ಇಪ್ಪತ್ತೆರಡು ಮೆಟ್ಟಿಲುಗಳಿಗೆ ಒಂದು ಅಹವಾಲು

ಆರೈಕೆ ಕಚೇರಿಯ ಮೊದಲ ಮಹಡಿಗೆ ದಾರಿಯಾಗಿರುವ ಮಾನ್ಯ ಮೆಟ್ಟಿಲುಗಳೇ,

ತಮ್ಮ ಇಪ್ಪತ್ತೆರಡು ಮಂದಿಗೂ, ಹಿಡಿಯಲು ಕಂಬಿಯಿಲ್ಲದ ತಮ್ಮ ಎಡಗಡೆಗೂ ಸೂಲಿಬೆಲೆಯ ಪಿಳ್ಳಪ್ಪ ಮಾಡುವ ನಮಸ್ಕಾರಗಳು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಮಾತ್ರವಾದರೂ, ಡೇರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿದವನು. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ನೀರು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆನೆಂದು ಹೋಬಳಿಯೆಲ್ಲ ಒಪ್ಪುತ್ತದೆ. ಒಪ್ಪದವರು ನೀರು ಬೆರೆಸುತ್ತಿದ್ದವರು. ಪರೀಕ್ಷೆ ಮಾಡುವವರ ಕಷ್ಟ ನನಗೂ ಗೊತ್ತಿರುವುದರಿಂದ, ಮೇಲಿನವರನ್ನು ಬಿಟ್ಟು ನಿಜವಾದ ಪರೀಕ್ಷಕರಾದ ತಮಗೇ ಬರೆಯುತ್ತಿದ್ದೇನೆ.

ನಮ್ಮಕ್ಕ ಆದಿಲಕ್ಷ್ಮಮ್ಮನಿಗೆ ಎಪ್ಪತ್ತೊಂದು ವರ್ಷ. ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟಿದ್ದಾರೆ. ಬುದ್ಧಿ ನನಗಿಂತ ಚುರುಕಾಗಿದೆ, ಆದರೆ ಅದರ ಅಪ್ಪಣೆ ಕೈಗೂ ಕಾಲಿಗೂ ನಾಲಿಗೆಗೂ ತಲುಪುವುದಿಲ್ಲ. ಈಗೀಗ ಮಲಗಿದರೆ ಉಸಿರು ಸಾಲದೆ ಕೂತೇ ನಿದ್ದೆ ಮಾಡುತ್ತಾಳೆ. ಉಸಿರಿಗೆ ನೆರವಾಗುವ ಯಂತ್ರವನ್ನು ಮನೆಗೆ ಕೊಡುವ ಕಚೇರಿ ತಮ್ಮ ತಲೆಯ ಮೇಲಿದೆ, ರೋಗಿ ಖುದ್ದಾಗಿ ಮೇಲೆ ಬರಬೇಕೆಂಬುದು ಅಲ್ಲಿಯ ನಿಯಮ. ನಡೆಯಲಾಗದವರ ಕಚೇರಿಯನ್ನು ನಡೆಯಬಲ್ಲವರಿಗೆ ಮಾತ್ರ ಸಿಗುವಂತೆ ಕಟ್ಟಿದ ಮಹನೀಯರ ದೂರದೃಷ್ಟಿಗೆ ನಾನು ಬೆರಗಾಗಿದ್ದೇನೆ.

ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೊಬ್ಬನೇ ಹೊತ್ತು ತಂದೆ. ಅದಕ್ಕೆ ತಾವೇ ಸಾಕ್ಷಿ. ಅಧಿಕಾರಿಗಳು ಕನ್ನಡಕದ ಮೇಲಿಂದ ನೋಡಿ, "ಅಜ್ಜಿ ಮೇಲಕ್ಕೆ ಹೆಂಗ್ ಬಂದ್ರು?" ಎಂದರು. "ಚೆನ್ನಾಗ್ ಕೇಳಿದ್ರಿ ಸ್ವಾಮಿ! ಶಿವಗಂಗೆ ಬೆಟ್ಟಾನೇ ಮೂರ್ ಸಲ ಹತ್ತಿ ಇಳಿದೋಳು ನಮ್ಮಕ್ಕ, ನಿಮ್ ಮೆಟ್ಲು ಯಾವ ಲೆಕ್ಕ?" ಎಂದುಬಿಟ್ಟೆ. ಅದು ಮನೆತನದ ಮರ್ಯಾದೆಗೆ ಆಡಿದ ಮಾತು. ಬೆಟ್ಟ ಹತ್ತಿದ್ದು ಮದುವೆಗೆ ಮುಂಚೆ. ಅವರು ಬಹಳ ಸಂತೋಷದಿಂದ 'ಮೆಟ್ಟಿಲು ಹತ್ತಬಲ್ಲರು' ಎಂದು ಬರೆದು, ಕೆಳಗೆ 'ವಯೋಸಹಜ ನಿಶ್ಶಕ್ತಿ' ಎಂದು ಸೇರಿಸಿ ಮುದ್ರೆ ಒತ್ತಿದರು. ಡಾಕ್ಟರ ಚೀಟಿ ತೋರಿಸಿದರೆ, "ಈ ವಯಸ್ಸಲ್ಲಿ ಯಂತ್ರ ಯಾಕಪ್ಪಾ, ಮನೇಲಿ ಚೆನ್ನಾಗ್ ನೋಡ್ಕೊಳಿ" ಎಂದರು.

ನಮ್ಮ ಹಿಂದೆಯೇ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಕ್ಲೇನ್‌ನನ್ನು ಕರೆತಂದಿದ್ದರು. ಮೂವತ್ತೆಂಟು ವರ್ಷ, ಇದೇ ಕಾಯಿಲೆ. ಅವನಿಗೆ ಯಂತ್ರ ಅಲ್ಲೇ ಮಂಜೂರಾಯಿತು. ನೂರು ವರ್ಷ ಬಾಳಲಿ. ಅವನ ಹೆಂಡತಿ ಜಬೀನ್, "ಈ ಅಮ್ಮಂಗೂ ಬರ್ಕೊಡಿ ಸಾರ್, ಕಾಯಿಲೆ ಒಂದೇ ಅಲ್ವಾ?" ಎಂದು ಕೇಳಿದಾಗ ಮೂಲೆಯಲ್ಲಿದ್ದ ಫ್ಯಾನು ಮಾತ್ರ ಆ ಕಡೆ ಈ ಕಡೆ ತಲೆಯಾಡಿಸಿತು. ನಾನು ಮೂವತ್ತು ವರ್ಷ ಹಾಲು ನೋಡಿ ಹಾಲು ತೆಗೆದುಕೊಂಡೆನೇ ಹೊರತು ಒಂದು ದಿನವೂ ಹಸುವಿನ ವಯಸ್ಸು ಕೇಳಲಿಲ್ಲ.

ಆದಕಾರಣ ತಾವು ದಯಮಾಡಿ, ಅಕ್ಕನನ್ನು ಮತ್ತೆ ಕರೆತರುವ ಮುಂದಿನ ಮಂಗಳವಾರ ಒಂದು ಗಂಟೆಯ ಮಟ್ಟಿಗೆ ನೆಲದ ಮೇಲೆ ಚಪ್ಪಟೆಯಾಗಿ ಮಲಗಬೇಕು. ಬೆನ್ನು ನೋವಿನಿಂದ ಅದು ಆಗದಿದ್ದರೆ, ಎಲ್ಲರೂ ಸಾಲಾಗಿ ಸೂಲಿಬೆಲೆಗೆ ಬಂದು, ಅಕ್ಕನ ಕುರ್ಚಿಯ ಮುಂದೆ ನಿಂತು, ಆಕೆ ತಮ್ಮಲ್ಲಿ ಒಬ್ಬರನ್ನಾದರೂ ಹತ್ತುವಳೋ ಎಂದು ಕಣ್ಣಾರೆ ನೋಡಿ ಹೊಸ ವರದಿ ಕೊಡಬೇಕು. ಬಸ್ಸಿನಲ್ಲಿ ಟವೆಲು ಹಾಕಿ ಇಪ್ಪತ್ತೆರಡು ಸೀಟು ಹಿಡಿಯುವ ಜವಾಬ್ದಾರಿ ನನ್ನದು.

ತಮ್ಮನ್ನು ಇನ್ನೂ ಮರೆಯದ ನನ್ನ ಮಂಡಿಗಳ ಪರವಾಗಿಯೂ,
ತಮ್ಮ ವಿಶ್ವಾಸಿ,
ಪಿಳ್ಳಪ್ಪ

ತಾ.ಕ.: ಇದನ್ನು ಅಕ್ಕನಿಗೆ ಓದಿ ಹೇಳಿದೆ. ಗೋಡೆಗೆ ಹಾಕಿದ ಅಕ್ಷರಮಾಲೆಯ ಮೇಲೆ ನಾನು ಕೋಲು ಸರಿಸುತ್ತೇನೆ, ಬೇಕಾದ ಅಕ್ಷರ ಬಂದಾಗ ಆಕೆ ಕಣ್ಣು ಮುಚ್ಚಿ ತೆರೆಯುತ್ತಾಳೆ. ಈಗ ನಮ್ಮ ಮಾತುಕತೆ ಹೀಗೆ. ಮುಕ್ಕಾಲು ಗಂಟೆ ಹಿಡಿದು ಆಕೆ ಹೇಳಿದ್ದನ್ನು, ಸೇರಿಸದಿದ್ದರೆ ಊಟ ಮಾಡುವುದಿಲ್ಲವೆಂದು ಹಟ ಹಿಡಿದಿರುವುದರಿಂದ, ಹಾಗೇ ಸೇರಿಸಿದ್ದೇನೆ: "ಹೊತ್ತೋರು ನಾಲ್ಕ್ ಜನ. ಪಿಳ್ಳ ಹೊತ್ತಿದ್ದು ನನ್ ಚಪ್ಪಲಿ. ಬೆಟ್ಟ ಹತ್ತಿದ್ದು ಒಂದೇ ಸಲ, ಅದೂ ಅರ್ಧ. ಮೆಟ್ಲಿಗ್ಯಾಕೆ ತೊಂದ್ರೆ? ಸಾಹೇಬ್ರ ಕಾಲು ಚೆನ್ನಾಗೈತೆ. ಅವ್ರೇ ಇಳೀಲಿ."