ಶೀಟು ಇಳಿಸಿದ ಖರ್ಚು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಸೊರಬದಲ್ಲಿರುವ ನನ್ನ ಅಕ್ಕನ ಹಿಟ್ಟಿನ ಗಿರಣಿ. ಹಾಜರಿದ್ದವರು ನಾನು, ಅಕ್ಕ, ಮಾಡು, ಅಂದರೆ ಚಾವಣಿ, ಇಳಿಸಲು ಬಂದ ರೆಹಮಾನ್ ಸಾಬರು ಮತ್ತು ಅವರ ಇಬ್ಬರು ಆಳುಗಳು. ಅಕ್ಕನ ಪ್ರಕಾರ ಇನ್ನೂ ಒಬ್ಬರು ಹಾಜರಿದ್ದರು. ಅವರು ಶೀಟಿನ ಮೇಲಿದ್ದರು.

ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರು ಮಾಡುವುದು ನನ್ನಿಂದಾಗದು. ಶಿಕಾರಿಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿ ಸವೆದವನು ನಾನು. ಸಾಲು ಸೊಟ್ಟಗಿದ್ದರೆ ನನಗೆ ಊಟ ಸೇರುವುದಿಲ್ಲ. ಮದುವೆ ಪಂಕ್ತಿಯಲ್ಲಿ ಪಕ್ಕದವರ ಎಲೆಯನ್ನು ನೆಟ್ಟಗೆ ಸರಿಸಲು ಹೋಗಿ ಬೈಸಿಕೊಂಡದ್ದೂ ಉಂಟು. ನನ್ನ ಹೆಂಡತಿ, ‘ನಿಮ್ಮನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗಾಕೆ ಬಂದೋರಿಗೂ ನೀವು ಎತ್ತರದ ಪ್ರಕಾರ ನಿಲ್ಲಾಕೆ ಹೇಳ್ತೀರಿ’ ಎನ್ನುತ್ತಾಳೆ. ಕಣ್ಣಿಗೆ ಕಾಣುವವರನ್ನು ನಿಲ್ಲಿಸುವುದು ನನಗೆ ಗೊತ್ತು. ಕಾಣದವರ ವಿಷಯದಲ್ಲಿ ನನಗೆ ತರಬೇತಿ ಇರಲಿಲ್ಲ.

ತೊಂದರೆ ಶುರುವಾದದ್ದು ಅಕ್ಕನ ಕೆಮ್ಮಿನಿಂದ. ಗಿರಣಿಯವಳ ಕೆಮ್ಮು ಹಿಟ್ಟಿನ ಕೆಮ್ಮೇ ಎಂದು ಎಲ್ಲರೂ ಸುಮ್ಮನಿದ್ದೆವು. ಶಿಕಾರಿಪುರಕ್ಕೆ ಕರೆತಂದು ತೋರಿಸಿದಾಗ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ‘ಗಿರಣಿ ಮೇಲೆ ಎಂತ ಹೊದಿಸಿದೀರಿ?’ ಎಂದರು. ಕಲ್ನಾರಿನ ಶೀಟು. ನಮ್ಮ ಕಡೆ ಅದನ್ನು ಸಿಮೆಂಟ್ ಶೀಟು ಎನ್ನುತ್ತಾರೆ. ಹಳೆಯದಾಗಿ, ಗಿರಣಿಯ ಅದುರುವಿಕೆಗೆ ಒಳಗಡೆಯಿಂದ ಪುಡಿಯಾಗಿ ಉದುರುತ್ತಿತ್ತು. ಆ ಪುಡಿ ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲವಂತೆ. ‘ಮಾಡು ಬದಲಾಯಿಸಿ, ಇಲ್ಲಾ ಇವರನ್ನು ಅಲ್ಲಿಂದ ಬಿಡಿಸಿ’ ಎಂದರು ಡಾಕ್ಟರು. ಅಕ್ಕ ಎರಡಕ್ಕೂ ಒಪ್ಪಲಿಲ್ಲ.

‘ಶೀಟು ತೆಗೆದ್ರೆ ಅವ್ರು ಎಲ್ಲಿ ನಡೀತಾರೆ?’ ಎಂದಳು.

ಅವರು ಎಂದರೆ ನನ್ನ ಭಾವ. ತೀರಿಕೊಂಡು ಕೆಲವು ವರ್ಷಗಳಾದವು. ಆ ಮಾಡನ್ನು ಕಟ್ಟಿದವರೇ ಅವರು. ಬದುಕಿದ್ದಾಗ ಪ್ರತಿ ಮಳೆಗಾಲಕ್ಕೆ ಮುಂಚೆ ತಾವೇ ಮೇಲೆ ಹತ್ತಿ, ಬಿರುಕಿಗೆ ಡಾಂಬರು ಮೆತ್ತುತ್ತಿದ್ದರು. ಇನ್ನೊಬ್ಬರ ಕೆಲಸದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತಿದ್ದುದರಿಂದ ಅವರ ಹೆಜ್ಜೆ ಒಂದು ಭಾರ, ಒಂದು ಹಗುರ. ಸಂಜೆ ಗಿರಣಿ ನಿಲ್ಲಿಸಿದ ಮೇಲೆ ಶೀಟಿನ ಮೇಲೆ ಅದೇ ಸದ್ದು ಕೇಳುತ್ತದೆ ಎಂದು ಅಕ್ಕ ಹೇಳಿದಾಗ, ನಾನು ಅವಳಿಗೆ ವಿಜ್ಞಾನ ಬೋಧಿಸಿದೆ. ಹಗಲು ಕಾದ ಶೀಟು ಸಂಜೆ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಟಕ್ಕೆನ್ನುತ್ತದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ‘ಆತು. ಸಂಜೆ ತನಕ ಇರು’ ಎಂದಳು.

ಇದ್ದೆ. ಕಾಫಿ ಲೋಟ ಕೈಯಲ್ಲಿತ್ತು. ಸದ್ದು ಹಿಂದಿನ ಗೋಡೆಯಿಂದ ಹೊರಟಿತು. ಒಂದು ಭಾರ, ಒಂದು ಹಗುರ. ಗಿರಣಿಯ ಮೋಟಾರಿನ ನೇರಕ್ಕೆ ಬಂದು ನಿಂತಿತು. ಬದುಕಿದ್ದಾಗ ಭಾವನೂ ಅಲ್ಲೇ ನಿಂತು, ಬಗ್ಗಿ, ‘ಬೆಲ್ಟು ಸಡಿಲ ಆಗೇತಿ ನೋಡೇ’ ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಶೀಟು ಕುಗ್ಗುವುದು ಸರಿ. ಅದು ನಿಂತು ಯೋಚಿಸುವುದು ಯಾವ ಪಾಠದಲ್ಲೂ ಇಲ್ಲ. ಸದ್ದು ಮತ್ತೆ ಹೊರಟಾಗ ನೋಡಿಕೊಂಡರೆ ನಾನು ಎದ್ದು ನಿಂತಿದ್ದೆ. ಹಿರಿಯರು ಬಂದಾಗ ಏಳುವುದು ಅಭ್ಯಾಸಬಲ, ಅಷ್ಟೇ.

ಆದರೆ ಅಕ್ಕನ ಕೆಮ್ಮು ಹೆಜ್ಜೆಗಳಿಗಿಂತ ಜೋರಾಗುತ್ತಿತ್ತು. ಕೆಮ್ಮಿ ಕೆಮ್ಮಿ ಅವಳು ಗೋಡೆ ಹಿಡಿದು ಕೂತ ದಿನ ನಾನು ಅವಳ ಒಪ್ಪಿಗೆಗೆ ಕಾಯದೆ ಆಳುಗಳನ್ನು ಹುಡುಕಲು ಹೊರಟೆ. ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹಿಟ್ಟು ಬೀಸಿಸಲು ಬರುವವರು ಚೀಲದ ಜೊತೆ ಕಥೆಯನ್ನೂ ಹೊತ್ತುಕೊಂಡು ಹೋಗುತ್ತಾರಲ್ಲ. ಬಂದವರು ಮಾಡು ನೋಡಿ ಒಂದು ದರ ಹೇಳುತ್ತಿದ್ದರು. ಹೊರಗೆ ಹೋಗಿ ಬೀಡಿ ಸೇದಿ ಬಂದು ಇನ್ನೊಂದು ಹೇಳುತ್ತಿದ್ದರು. ರೆಹಮಾನ್ ಸಾಬರೊಬ್ಬರೇ ಬಿಡಿಸಿ ಹೇಳಿದರು: ‘ನೋಡ್ರೀ ಮಾಸ್ತರೇ, ಶೀಟಿಂದು ಇಷ್ಟು. ಮೇಲಿರೋರದ್ದು ಇಷ್ಟು.’

ಎರಡನೆಯದೇ ದೊಡ್ಡದು. ನಾನು ಶೀಟಿನ ಪುಡಿಯ ಅಪಾಯವನ್ನು ವಿವರಿಸಿದೆ. ಅವರು ನಕ್ಕರು. ‘ಹುಟ್ಟಿದಾಗಿಂದ ಇದರ ಅಡಿಗೇ ಮಲಗೀನಿ. ಪುಡಿಗೆ ಎಂತ ಹೆದರೋದು? ಪುಡಿ ನಮ್ಮ ಹೆಸರು ಹಿಡಿದು ಕರೀತದಾ?’

ಹೀಗೆ ಆ ಭಾನುವಾರ ಬಂತು. ನಾನು ಕೊಟ್ಟ ಮುಖಗವಸುಗಳನ್ನು ಆಳುಗಳು ಗಡ್ಡಕ್ಕೆ ಹಾಕಿಕೊಂಡರು. ತಾವೇ ತಂದ ನಿಂಬೆಹಣ್ಣನ್ನು ಮಾತ್ರ ಭದ್ರವಾಗಿ ಜೇಬಿನಲ್ಲಿಟ್ಟುಕೊಂಡರು. ನಾನು ಗದರಿದ ಮೇಲೆ ಮುಖಗವಸು ಮೂಗಿಗೇರಿತು. ಶೀಟು ಒಡೆಯಬಾರದು, ನೀರು ಚಿಮುಕಿಸಿ ಇಳಿಸಬೇಕು, ಇಳಿಸಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು ಎಂದೆ. ಎಲ್ಲದಕ್ಕೂ ತಲೆಯಾಡಿಸಿದರು. ಬಿದಿರೇಣಿಯನ್ನು ಗೋಡೆಗೆ ಆನಿಸಿ, ಮೂವರೂ ಅದರಿಂದ ದೂರ ಸರಿದು ನಿಂತರು.

‘ಹತ್ರಿ’ ಎಂದೆ.

‘ಮೊದಲು ಅವ್ರು ಇಳೀಬೇಕು’ ಎಂದರು ರೆಹಮಾನ್ ಸಾಬರು. ‘ಮಾಡು ಕಟ್ಟಿದೋರು ಮೇಲಿದ್ರೆ ಮನೆಯೋರು ಕರೆದು ಇಳಿಸ್ಕೋಬೇಕು. ನಾವು ಎಲ್ಲೇ ಹಳೇ ಮಾಡು ಬಿಚ್ಚಿದ್ರೂ ಹಿಂಗೇ. ಅಮ್ಮಾ, ಒಂದು ಮಾತು ಕರೀರಿ.’

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡ್ಡಡ್ಡ ತಲೆಯಾಡಿಸಿದಳು. ‘ನಾ ಕರೆಯಲ್ಲ. ಕರೆದ್ರೆ ಇಳಿದೇ ಬಿಡ್ತಾರೆ.’

‘ಅಕ್ಕ, ನಿನ್ನ ಎದೆ...’

‘ಗೊತ್ತು ಮಾರಾಯ. ಅವ್ರು ನಡೀತಾರೆ, ನಾ ಕೆಮ್ತೀನಿ. ಹಿಂಗೇ ನಡೀಲಿ.’ ಇನ್ನೂ ಏನೋ ಹೇಳಹೊರಟವಳಿಗೆ ಕೆಮ್ಮು ಬಂತು. ಅದು ಬೇಗ ನಿಲ್ಲಲಿಲ್ಲ.

ಆಗ ನಾನು ಮುಂದೆ ಹೋದೆ. ಮೈದಾನದಲ್ಲಿ ಹುಡುಗರನ್ನು ಕರೆದ ಗಂಟಲು ನನ್ನದು. ಆ ಬೆಳಿಗ್ಗೆ ಅದರಿಂದ ಹೊರಟದ್ದು ಮದುವೆಮನೆಯಲ್ಲಿ ಊಟಕ್ಕೆ ಕರೆಯುವಂಥ ದನಿ. ‘ಭಾವ, ಕೆಳಗೆ ಬರ್ರಿ. ಸಾಕು.’

ಗಾಳಿಯಿರಲಿಲ್ಲ. ಏಣಿಯ ಮೇಲಿನ ಮೆಟ್ಟಿಲು ಕಿರುಗುಟ್ಟಿತು. ಅದರ ಕೆಳಗಿನದು. ಅದರ ಕೆಳಗಿನದು. ಒಂದು ಭಾರ, ಒಂದು ಹಗುರ. ಬಿಸಿಲು ತಾಗಿದ ಬಿದಿರು ಸದ್ದು ಮಾಡುತ್ತದೆ ಎಂದು ನಾನು ಎಲ್ಲರಿಗೂ ಹೇಳಬೇಕೆಂದಿದ್ದೆ. ಗೋಡೆಯ ಆ ಬದಿಗೆ ಇನ್ನೂ ಬಿಸಿಲು ಬಂದಿರಲಿಲ್ಲ. ರೆಹಮಾನ್ ಸಾಬರು ತುಟಿಯಲ್ಲೇ ಏನೋ ಓದಿಕೊಂಡರು. ಸದ್ದು ನೆಲಕ್ಕೆ ಮುಟ್ಟಿ ನಿಂತಿತು. ಆಮೇಲೆ ಆಳುಗಳು ಸರಸರನೆ ಹತ್ತಿದರು, ತಮ್ಮ ಸರದಿ ಬಂದವರಂತೆ.

ಕೆಲಸ ನನ್ನ ಮನಸ್ಸಿಗೆ ಒಪ್ಪುವಂತೆ ನಡೆಯಿತು. ಶೀಟುಗಳು ಒದ್ದೆಯಾಗಿ, ಇಡಿಯಾಗಿ ಇಳಿದವು. ಒಳ್ಳೆಯ ಶೀಟುಗಳನ್ನು ಕುರಿದೊಡ್ಡಿಗೆ ಕೊಡಿ ಎಂದು ಒಬ್ಬರು ಕೇಳಲು ಬಂದರು. ಕೊಡಲಿಲ್ಲ, ಅವರು ನನ್ನನ್ನು ಜಿಪುಣ ಎಂದು ಹೋದರು. ಊರ ಕಸದ ಕಚೇರಿಯವರು ಇಂಥದ್ದನ್ನು ಎಲ್ಲಿಗೆ ಒಯ್ಯಬೇಕೆಂದು ವಿಚಾರಿಸಿ ತಿಳಿಸುತ್ತಾರಂತೆ. ಅಲ್ಲಿಯ ತನಕ ಸುತ್ತಿದ ಕಟ್ಟುಗಳು ಹಿತ್ತಲಲ್ಲಿ ಸಾಲಾಗಿ ನಿಂತಿವೆ, ಸಾಲು ನೆಟ್ಟಗಿದೆ. ತಗಡಿನ ಹೊಸ ಮಾಡು ಸಂಜೆಯೊಳಗೆ ಏರಿತು.

ಮುಸ್ಸಂಜೆಗೆ ನಾನೂ ಅಕ್ಕನೂ ಅದರ ಕೆಳಗೆ ಕೂತೆವು. ತಗಡು ಅಲ್ಲೊಂದು ಇಲ್ಲೊಂದು ಸದ್ದು ಮಾಡಿತು, ತಗಡು ಮಾಡುವಂಥ ಸದ್ದು. ಅಕ್ಕ ಬಹಳ ಹೊತ್ತು ಕಿವಿಗೊಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನನ್ನ ಚೀಲ ತಂದುಕೊಟ್ಟಳು. ‘ಇಲ್ಲಿ ಯಾರೂ ಇಲ್ಲ. ಕರೆದವ ನೀನು, ಕರ್ಕೊಂಡು ಹೋಗು. ರಾತ್ರಿಗೆ ಅವ್ರಿಗೆ ಅನ್ನ ಹಾಕಬ್ಯಾಡ, ಮುದ್ದೆ ಮಾಡ್ಸು.’

ಇಂಥ ಮಾತಿಗೆ ಸೊಪ್ಪು ಹಾಕುವವನಲ್ಲ ನಾನು. ಶಿಕಾರಿಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಸೊಪ್ಪಿನ ಗಂಟು ಹಿಡಿದ ಹೆಂಗಸೊಬ್ಬಳು, ‘ಸ್ವಲ್ಪ ಸರೀರಿ ಅಣ್ಣಾರೆ’ ಎಂದಾಗ, ‘ಜನ ಐತಮ್ಮ’ ಎಂದು ನನ್ನ ಬಾಯಿಂದ ಬಂತು. ಅವಳು ಖಾಲಿ ಸೀಟನ್ನೂ ನನ್ನನ್ನೂ ನೋಡಿ, ಕೂರದೆ, ಹಿಂದಕ್ಕೆ ಹೋಗಿಬಿಟ್ಟಳು.

ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಒಳಗೆ ಬಂದು ಬಾಗಿಲನ್ನು ಹಿಡಿದು ನಿಂತೆ. ‘ಇನ್ಯಾರು ಬರಾದು ಐತ್ರೀ? ಸೊಳ್ಳೆ ಬರ್ತಾವೆ, ಹಾಕ್ರಿ’ ಎಂದಳು ಹೆಂಡತಿ. ಕಾಲೆಳೆಯುವ ಒಬ್ಬರು ಹೊಸ್ತಿಲು ದಾಟಲು ಬೇಕಾಗುವಷ್ಟು ಹೊತ್ತು ಬಿಟ್ಟು, ಚಿಲಕ ಹಾಕಿದೆ.